ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು?

ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಶಾಲೆಯ ಮಾತು ಯಾಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳುವುದು ನ್ಯಾಯವೇ. ಗೊಬ್ಬರ, ಬೀಜ, ಬೆಳೆ ಸಾಲ ಇವು ನಮ್ಮ ದಿನನಿತ್ಯದ ಮಾತು. ಆದರೆ ಸಂಘ ನಿಂತಿರುವುದು ಲೆಕ್ಕದ ಮೇಲೆ. ಪಾಸ್ ಪುಸ್ತಕ ಓದಿ ಬಡ್ಡಿ ಸರಿಯಿದೆಯೇ ಎಂದು ನೋಡುವ ಸದಸ್ಯ, ಮಹಾಸಭೆಯಲ್ಲಿ ಎದ್ದು ನಿಂತು ಜಮಾ-ಖರ್ಚು ಕೇಳುವ ಸದಸ್ಯ ಇದ್ದರೆ ಮಾತ್ರ ಸಂಘ ಉಳಿಯುತ್ತದೆ. ಅಂಥವರು ತಯಾರಾಗುವುದು ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಒಬ್ಬ ಮೇಷ್ಟ್ರ ಮುಂದೆ ಎಷ್ಟು ಮಕ್ಕಳು ಕೂರಬೇಕು ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆ ಇದೆ. ಅದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ.

ಕೂಲಿಮಠದ ಕಾಲ

ಮದ್ರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು, ಅನಂತಪುರವೂ ಅದರಲ್ಲೇ ಸೇರಿತ್ತು. ಅಲ್ಲಿ 533 ಶಾಲೆಗಳು, 6,641 ಮಕ್ಕಳು. 235 ಶಾಲೆ ಕನ್ನಡದವು, 226 ತೆಲುಗಿನವು. ಭಾಗಿಸಿ ನೋಡಿದರೆ ಶಾಲೆಗೆ ಹನ್ನೆರಡು ಚಿಲ್ಲರೆ ಮಕ್ಕಳು. ಅಂದರೆ ಒಬ್ಬ ಅಯ್ಯನೋರ ಮುಂದೆ ಒಂದು ಡಜನ್ ಹುಡುಗರು, ಅಷ್ಟೇ.

ಹಾಗಂತ ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಆ 6,641ರಲ್ಲಿ ಹೆಣ್ಣುಮಕ್ಕಳು ಬರೀ 60. ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ಮೇಷ್ಟ್ರಿಗೆ ಕೂಲಿ ಕೊಡಲಾರದ ಮನೆಯ ಮಕ್ಕಳು ಜಗಲಿ ಹತ್ತಲಿಲ್ಲ. ತರಗತಿ ಚಿಕ್ಕದಾಗಿದ್ದುದಕ್ಕೆ ಕಾರಣ ಯಾವ ಕಾನೂನೂ ಅಲ್ಲ, ಹೊರಗೆ ಉಳಿದವರು ಬಹಳ ಮಂದಿ, ಅದೇ ಕಾರಣ.

ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದು, ಮುಂದಿನ ಪಾಠದ ಹುಡುಗ ಹಿಂದಿನವನಿಗೆ ಹೇಳಿಕೊಡುವುದು ನಮ್ಮ ಈ ಶಾಲೆಗಳ ರೂಢಿ. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್ 1789ರ ನಂತರ ಇದನ್ನೇ ತನ್ನ ಶಾಲೆಯಲ್ಲಿ ತಂದ. 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಇದೇ ಬಗೆಯ ಶಾಲೆ ನಡೆಸಿದ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಹೇಳಿಕೊಡಲು ಮಾನಿಟರ್ ಹುಡುಗರು. ಖರ್ಚು ಕಡಿಮೆ ಅಂತ ಅನೇಕ ದೇಶಗಳು ಇದನ್ನು ಹಿಡಿದುಕೊಂಡವು. ಹನ್ನೆರಡು ಮಕ್ಕಳ ಜಗಲಿಯಲ್ಲಿ ಪ್ರೀತಿಯಿಂದ ನಡೆಯುತ್ತಿದ್ದ ಕೆಲಸ, ನೂರಾರು ಮಕ್ಕಳ ಹಜಾರದಲ್ಲಿ ಬರೀ ಬಾಯಿಪಾಠವಾಯಿತು. ಹಣ ಉಳಿಸುವ ಆಸೆಗೆ ಮಿತಿ ಇಲ್ಲದಿದ್ದರೆ ಹೀಗೇ ಆಗುವುದು.

ಮಿತಿಯನ್ನು ಕಾನೂನಾಗಿ ಬರೆದವರು

ಸಾರ್ವಜನಿಕ ಶಾಲೆಗಳು ಬೆಳೆದ ಮೇಲೆ, ತರಗತಿಗೆ ಇಷ್ಟೇ ಮಕ್ಕಳು ಎಂದು ಕಾನೂನಿನಲ್ಲೇ ಬರೆಯಬೇಕೆಂಬ ಕೂಗು ಹಲವು ಕಡೆ ಎದ್ದಿತು. ಅಮೆರಿಕದ ಟೆಕ್ಸಾಸ್ ರಾಜ್ಯ 1984ರಲ್ಲಿ ಅಂಥ ಕಾನೂನು ತಂದಿತು. ಕೆಳಗಿನ ತರಗತಿಗಳಿಂದ ಶುರುಮಾಡಿ, ಮುಂದೆ ನಾಲ್ಕನೆಯ ತರಗತಿಯವರೆಗೆ, ಒಂದು ಕೊಠಡಿಯಲ್ಲಿ 22ಕ್ಕಿಂತ ಹೆಚ್ಚು ಮಕ್ಕಳು ಕೂಡದು ಎಂದಾಯಿತು.

ಇದರಿಂದ ಪ್ರಯೋಜನ ಉಂಟೇ? ಇನ್ನೊಂದು ರಾಜ್ಯ ಟೆನೆಸಿ 1985ರಿಂದ ನಾಲ್ಕು ವರ್ಷ ಪರೀಕ್ಷೆ ಮಾಡಿತು. 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರನ್ನು 13ರಿಂದ 17 ಮಕ್ಕಳ ತರಗತಿಗೆ, ಕೆಲವರನ್ನು 22ರಿಂದ 25ರ ತರಗತಿಗೆ, ಇನ್ನು ಕೆಲವರನ್ನು ಅಷ್ಟೇ ದೊಡ್ಡದಾದರೂ ಮೇಷ್ಟ್ರಿಗೆ ಒಬ್ಬ ಸಹಾಯಕರಿದ್ದ ತರಗತಿಗೆ ಹಾಕಿದರು. ಚಿಕ್ಕ ತರಗತಿಯ ಮಕ್ಕಳು ಓದು, ಲೆಕ್ಕ ಎರಡರಲ್ಲೂ ಮುಂದೆ ಹೋದರು. ಬಡವರ ಮತ್ತು ಕಪ್ಪು ಜನರ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಸಹಾಯಕರನ್ನು ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಕೆಳಗಿನ ತರಗತಿಗಳಿಗೆ 20 ಮಕ್ಕಳ ಯೋಜನೆಯನ್ನು ಅವಸರದಲ್ಲಿ ರಾಜ್ಯಕ್ಕೆಲ್ಲ ತಂದಿತು. ಸಾವಿರಾರು ಮೇಷ್ಟ್ರು ಒಮ್ಮೆಗೇ ಬೇಕಾದರು. ತರಬೇತಿ ಆದವರು ಅನುಕೂಲಸ್ಥರ ಶಾಲೆಗಳಿಗೆ ಹೊರಟುಹೋದರು, ಬಡವರ ಶಾಲೆಗಳಿಗೆ ತರಬೇತಿ ಇಲ್ಲದವರು ಬಂದರು. ಸಂಖ್ಯೆ ಇಳಿಸಿದರೆ ಸಾಲದು, ಕಲಿಸುವವರೂ ತಯಾರಿರಬೇಕು ಎಂಬುದು ಅಲ್ಲಿಯ ಪಾಠ.

ಟೆಕ್ಸಾಸಿನ ಕಾನೂನಿನಲ್ಲಿ ಒಂದು ಕಿಂಡಿಯೂ ಇತ್ತು. ಕಷ್ಟದಲ್ಲಿರುವ ಶಾಲಾ ಮಂಡಳಿ ರಾಜ್ಯದ ಶಿಕ್ಷಣ ಆಯುಕ್ತರಿಗೆ ಅರ್ಜಿ ಹಾಕಿ ವಿನಾಯಿತಿ ಪಡೆಯಬಹುದು. 2011ರಲ್ಲಿ ಆ ರಾಜ್ಯ ಶಾಲೆಗಳ ಹಣದಲ್ಲಿ ಎರಡು ವರ್ಷಕ್ಕೆ 500 ಕೋಟಿ ಡಾಲರಿಗೂ ಹೆಚ್ಚು ಕಡಿತ ಮಾಡಿದಾಗ ವಿನಾಯಿತಿ ಪಡೆದ ತರಗತಿಗಳ ಸಂಖ್ಯೆ ಒಂದೇ ವರ್ಷದಲ್ಲಿ ಹಲವು ಪಟ್ಟು ಏರಿತು. ಮಿತಿ ಪುಸ್ತಕದಲ್ಲಿ ಹಾಗೇ ಇತ್ತು, ಮಕ್ಕಳು ಮಾತ್ರ ಒತ್ತೊತ್ತಾಗಿ ಕೂತರು.

ಆದರೂ ಆ ಕಾನೂನಿನ ಎರಡು ಷರತ್ತು ನಾವು ಗಮನಿಸಬೇಕಾದ್ದು. ಒಂದು, ವಿನಾಯಿತಿ ಆ ಶಾಲಾ ವರ್ಷಕ್ಕೆ ಮಾತ್ರ, ವರ್ಷ ಮುಗಿದರೆ ಅದೂ ಮುಗಿಯಿತು. ಎರಡು, ವಿನಾಯಿತಿ ಪಡೆದ ತರಗತಿಯ ಪ್ರತಿ ಮಗುವಿನ ತಂದೆತಾಯಿಗೆ ಲಿಖಿತವಾಗಿ ತಿಳಿಸಬೇಕು. ನಮ್ಮ ಸಂಘದವರಿಗೆ ಇದು ಬೇಗ ಅರ್ಥವಾಗುತ್ತದೆ. ಬರಗಾಲ ಬಂದರೆ ಸಾಲದ ವಾಯಿದೆ ಮುಂದೂಡುವುದು ಉಂಟು, ಅದು ಧರ್ಮವೂ ಹೌದು. ಆದರೆ ಎಷ್ಟು ತಿಂಗಳು, ಯಾರಿಗೆ, ಯಾಕೆ ಎಂಬುದು ನಡಾವಳಿ ಪುಸ್ತಕದಲ್ಲಿ ಇರಲೇಬೇಕು. ಕೊನೆಯ ತಾರೀಖು ಇಲ್ಲದ ವಾಯಿದೆ ಸಾಲವನ್ನೇ ಮುಳುಗಿಸುತ್ತದೆ.

ನಮ್ಮ ಕಾನೂನು

ನಮ್ಮಲ್ಲಿ ಏಕೋಪಾಧ್ಯಾಯ ಶಾಲೆ ಎಂಬ ಮಾತು ಬಹಳ ಹಳೆಯದು. ಒಬ್ಬರೇ ಮೇಷ್ಟ್ರು, ಎಲ್ಲ ತರಗತಿಯೂ ಅವರದೇ. ಅವರಿಗೆ ಜ್ವರ ಬಂದರೆ ಶಾಲೆಗೆ ರಜೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 1987ರಲ್ಲಿ ಆಪರೇಷನ್ ಬ್ಲಾಕ್‌ಬೋರ್ಡ್ ಬಂತು. ಪ್ರತಿ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಎಂದಿತು. 2001ರ ಸರ್ವ ಶಿಕ್ಷಣ ಅಭಿಯಾನ 40 ಮಕ್ಕಳಿಗೆ ಒಬ್ಬರು ಎಂದಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಹಕ್ಕಿನ ಮಾತಾಗಿ ಮಾಡಿತು. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಕನಿಷ್ಠ ಒಬ್ಬರು.

ನಮ್ಮಲ್ಲೂ ವಾಯಿದೆ ಮುಂದೂಡುವುದು ನಡೆಯಿತು. ಈ ಪ್ರಮಾಣ ಆರು ತಿಂಗಳಲ್ಲಿ ಜಾರಿಗೆ ಬರಬೇಕೆಂದು ಮೊದಲು ಬರೆದಿತ್ತು, 2012ರ ತಿದ್ದುಪಡಿ ಅದನ್ನು ಮೂರು ವರ್ಷ ಮಾಡಿತು. ಶಿಕ್ಷಕರ ವಿದ್ಯಾರ್ಹತೆಗೆ ಕೊಟ್ಟ ಸಡಿಲಿಕೆ ಐದು ವರ್ಷಕ್ಕೆ ಮುಗಿಯಬೇಕಾಗಿತ್ತು, 2017ರ ತಿದ್ದುಪಡಿಯಿಂದ 2019ರ ಮಾರ್ಚ್ 31ರವರೆಗೆ ಎಳೆಯಿತು.

ಇನ್ನೊಂದು ಸೂಕ್ಷ್ಮ ನಮ್ಮ ಹಳ್ಳಿಗಳಿಗೆ ಬಹಳ ಮುಖ್ಯ. ನಮ್ಮ ಕಾಯ್ದೆ ಎಣಿಸುವುದು ಇಡೀ ಶಾಲೆಯ ಮಕ್ಕಳನ್ನು, ಟೆಕ್ಸಾಸಿನಂತೆ ಕೊಠಡಿಯ ಮಕ್ಕಳನ್ನಲ್ಲ. 60 ಮಕ್ಕಳು, ಇಬ್ಬರು ಮೇಷ್ಟ್ರು, ಕಾಗದದ ಮೇಲೆ ಸರಿಯೋ ಸರಿ. ಆದರೆ ತರಗತಿಗಳು ಐದು! ಒಬ್ಬೊಬ್ಬರು ಎರಡು ಮೂರು ತರಗತಿ ಒಟ್ಟಿಗೆ ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ, ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ದಾರಿ ತೋರಿಸಿತು. ಅದು ದೊಡ್ಡ ಉಪಕಾರ. ಆದರೆ ಅದಕ್ಕೂ ಮಗುವಿನ ಪಕ್ಕ ಕೂರುವಷ್ಟು ಪುರುಸೊತ್ತಿರುವ ಮೇಷ್ಟ್ರು ಬೇಕು.

ಈ ಲೆಕ್ಕದಿಂದ ಇನ್ನೊಂದು ಪರಿಣಾಮ ಉಂಟು. ಶಾಲೆಯಲ್ಲಿ 62 ಮಕ್ಕಳಿದ್ದರೆ ಮೂವರು ಶಿಕ್ಷಕರು. ನಾಲ್ಕು ಮನೆಯವರು ತಮ್ಮ ಮಕ್ಕಳನ್ನು ಪೇಟೆಯ ವ್ಯಾನು ಹತ್ತಿಸಿದರೆ 58 ಆಯಿತು, ಆಗ ಒಬ್ಬರು ಹೆಚ್ಚುವರಿ ಎಂದು ಬೇರೆ ಊರಿಗೆ ಹೋಗಬಹುದು. ಉಳಿದ ಮಕ್ಕಳ ಪಾಲಿನ ಮೇಷ್ಟ್ರು ಕಡಿಮೆಯಾದರೆ ಇನ್ನೂ ನಾಲ್ಕು ಮನೆಯವರು ವ್ಯಾನು ನೋಡುತ್ತಾರೆ. ಶಾಲೆಗಳು ಬರಿದಾಗುವುದು ಹೀಗೆ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ, ಮಕ್ಕಳ ಒಳ್ಳೆಯದನ್ನು ಎಲ್ಲರೂ ಬಯಸುತ್ತಾರೆ. ಆದರೆ ಲೆಕ್ಕ ತಿಳಿದಿರಲಿ.

ನಾವು ಮಾಡಬಹುದಾದ್ದು

ಕಾಯ್ದೆ ನಮ್ಮ ಕೈಯಲ್ಲಿ ಕೆಲವು ಹತಾರ ಕೊಟ್ಟಿದೆ. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದು. ನಮ್ಮ ರಾಜ್ಯದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಅವು ತಂದೆತಾಯಿಗಳದೇ ಸಮಿತಿಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರತಿ ಶಾಲೆಯಲ್ಲಿ 30ಕ್ಕಿಂತ ಕಡಿಮೆ, ಹಿಂದುಳಿದ ಕಡೆಗಳಲ್ಲಿ 25ಕ್ಕಿಂತ ಕಡಿಮೆ ಮಕ್ಕಳಿಗೆ ಒಬ್ಬ ಶಿಕ್ಷಕ ಎಂದಿದೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆ, ಜೂನ್ ತಿಂಗಳು ಕಳೆದ ಮೇಲೆ, ಶಾಲೆಗೆ ಹೋಗಿ ಮೂರು ಅಂಕಿ ಬರೆದುಕೊಳ್ಳಿ: ಮಕ್ಕಳೆಷ್ಟು, ಮಂಜೂರಾದ ಹುದ್ದೆ ಎಷ್ಟು, ಪಾಠ ಮಾಡುತ್ತಿರುವ ಶಿಕ್ಷಕರೆಷ್ಟು. ಕೊರತೆ ಇದ್ದರೆ ಎಷ್ಟು ದಿನದಲ್ಲಿ ತುಂಬುತ್ತೀರಿ ಎಂದು ಇಲಾಖೆಯನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ತನ್ನಿ. ಅತಿಥಿ ಶಿಕ್ಷಕರನ್ನು ಕೊಟ್ಟರೆ ಸಂತೋಷದಿಂದ ಬರಮಾಡಿಕೊಳ್ಳಿ, ಕಾಯಂ ಹುದ್ದೆ ಯಾವಾಗ ಎಂಬ ಪ್ರಶ್ನೆ ಮಾತ್ರ ಬಿಡಬೇಡಿ. ಆ ಮೂರು ಅಂಕಿಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಸಂಘದ ಜಮಾ-ಖರ್ಚು ಓದಿಸಿ ಕೇಳುವ ಊರಿಗೆ ಶಾಲೆಯ ಲೆಕ್ಕ ಕೇಳುವುದು ಕಷ್ಟದ ಕೆಲಸವೇನಲ್ಲ.