ಮಾಮ, ಅಮ್ಮಂಗೆ ಹೇಳ್ಬೇಡ...

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಮೂರನೇ ಕ್ಲಾಸಿನ ಅಕ್ಕನ ಮಗಳು ಮೊಬೈಲಿನಲ್ಲಿ ಗೇಮ್ ಆಡುತ್ತಾ ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿದ್ದೇ ತಡ, ಮೊಬೈಲ್ ಮಗುಚಿಟ್ಟಳು. ಪುಸಲಾಯಿಸಿ ಕೇಳಿದಾಗ ಗೊತ್ತಾಯ್ತು, ಗೇಮಿನೊಳಗೆ ಯಾರೋ "ಯಾವ ಸ್ಕೂಲು ನಿಂದು?" ಅಂತ ಕೇಳಿದ್ದಾರೆ, ಇವಳು ಹೇಳಿಯೂ ಬಿಟ್ಟಿದ್ದಾಳೆ.

"ಮಾಮ, ಅಮ್ಮಂಗೆ ಹೇಳ್ಬೇಡ. ಮೊಬೈಲ್ ಕಿತ್ಕೊಂಡ್ಬಿಡ್ತಾಳೆ."

ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಮಗು ಹೆದರಿದ್ದು ಗುರುತಿಲ್ಲದವನಿಗಲ್ಲ, ಅಮ್ಮನಿಗೆ!

ಹಾಗೆ ನೋಡಿದರೆ ನಾನೇನು ಸಾಚಾ ಅಲ್ಲ ಬಿಡಿ. 2004ರ ಜನವರಿಯಲ್ಲಿ ಆರ್ಕುಟ್ ಶುರುವಾಯ್ತಲ್ಲ, ಆಮೇಲೆ ನಾವೆಲ್ಲ ಅದಕ್ಕೆ ಮುಗಿಬಿದ್ದೆವು. ಊರಿಗೆಲ್ಲ ಕಾಣುವ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಫೋನ್ ನಂಬರು, ಊರಿಗೆ ಹೋಗುವ ಬಸ್ಸಿನ ಟೈಮು ಎಲ್ಲ ಬರೆದುಕೊಳ್ಳುತ್ತಿದ್ದೆವು. ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು, ನಮ್ಮ ದಡ್ಡತನವೂ ಅದರ ಜೊತೆ ಹೋಯ್ತು :)

ಆದರೆ ಬೇರೆ ಕಡೆ ಇದರ ಬಗ್ಗೆ ಆಗಲೇ ಯೋಚನೆ ನಡೆದಿತ್ತು. ಅಮೆರಿಕ 1998ರಲ್ಲೇ ಒಂದು ಕಾನೂನು ಮಾಡಿತು. 13 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಬೇಕಾದರೆ ಜಾಲತಾಣಗಳು ಅಪ್ಪ ಅಮ್ಮನ ಒಪ್ಪಿಗೆ ತೆಗೆದುಕೊಳ್ಳಬೇಕು ಅಂತ. 2000ದ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. 2006ರಲ್ಲಿ ಫೇಸ್‌ಬುಕ್ ಎಲ್ಲರಿಗೂ ಬಾಗಿಲು ತೆರೆದಾಗ '13 ತುಂಬಿರಬೇಕು' ಅಂದಿದ್ದರ ಹಿಂದೆ ಇರುವುದು ಇದೇ ಕಾನೂನು. ಮಕ್ಕಳೇನು ಕಮ್ಮಿಯೇ? ಹುಟ್ಟಿದ ವರ್ಷವನ್ನೇ ಬದಲಾಯಿಸಿದರು.

ಕೆನಡಾದ ಕೆಲೋನಾ ಎಂಬ ಊರಿನವರು 2005ರಲ್ಲಿ ಚಿಕ್ಕ ಮಕ್ಕಳಿಗೆಂದೇ 'ಕ್ಲಬ್ ಪೆಂಗ್ವಿನ್' ಶುರು ಮಾಡಿದರು. ಅಲ್ಲಿ ಎರಡು ಬಗೆಯ ಮಾತುಕತೆ. ಒಂದರಲ್ಲಿ ಮಗು ಟೈಪ್ ಮಾಡಬಹುದು, ಆದರೆ ಜರಡಿ ಹಿಡಿದು ಬಿಡುತ್ತಾರೆ. ಇನ್ನೊಂದರಲ್ಲಿ ಮೊದಲೇ ಬರೆದಿಟ್ಟ ವಾಕ್ಯಗಳಲ್ಲಿ ಆರಿಸಿಕೊಳ್ಳಬೇಕು, ಅಷ್ಟೆ. 2007ರಲ್ಲಿ ಡಿಸ್ನಿ ಅದನ್ನು ಕೊಂಡಿತು, 2017ರಲ್ಲಿ ಮುಚ್ಚಿತು. ಒಳ್ಳೆಯ ಬೇಲಿಯೇ. ಆದರೆ ಬೇಲಿಯಾಚೆ ಹೋದ ದಿನ ಮಗು ಏನು ಮಾಡಬೇಕು?

ಈ ಪ್ರಶ್ನೆಯನ್ನು ಶಾಲೆಯೊಳಗೆ ತಂದವರಲ್ಲಿ ಬ್ರಿಟನ್ನಿನವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ ತಯಾರಾದ 'ಹೆಕ್ಟರ್ಸ್ ವರ್ಲ್ಡ್' ಎಂಬ ಕಾರ್ಟೂನನ್ನು ತರಿಸಿ, ಐದರಿಂದ ಏಳು ವರ್ಷದ ಮಕ್ಕಳಿಗೆ ತೋರಿಸಿದರು. ಹೆಕ್ಟರ್ ಅನ್ನೋದು ಒಂದು ಡಾಲ್ಫಿನ್. ಕಂಪ್ಯೂಟರಿನ ಮೂಲೆಯಲ್ಲಿ ಅದರ ಚಿತ್ರ ಇರುತ್ತಿತ್ತು. ಏನಾದರೂ ಗಾಬರಿಯಾಗುವಂಥದ್ದು ಕಂಡರೆ ಮಗು ಅದನ್ನು ಒತ್ತಬೇಕು. ಪರದೆ ಪೂರ್ತಿ ಸಮುದ್ರದ ಚಿತ್ರ ಮುಚ್ಚಿಕೊಳ್ಳುತ್ತೆ. ಆಮೇಲೆ ದೊಡ್ಡವರನ್ನು ಕರೆಯಬೇಕು. ಎಷ್ಟು ಸರಳ ನೋಡಿ! ಆ ಮಗುವಿಗೆ ಸರಿ ತಪ್ಪು ತೀರ್ಮಾನಿಸುವ ಭಾರವೇ ಇಲ್ಲ.

2008ರ ಮಾರ್ಚಿನಲ್ಲಿ ಮನಃಶಾಸ್ತ್ರಜ್ಞೆ ತಾನ್ಯಾ ಬೈರನ್ ಅಲ್ಲಿನ ಸರ್ಕಾರಕ್ಕೆ ವರದಿ ಕೊಟ್ಟರು. ಈಜುಕೊಳಕ್ಕೆ ಕಾವಲುಗಾರರು, ಫಲಕಗಳು ಎಲ್ಲ ಬೇಕು, ಆದರೆ ಜೊತೆಗೆ ಮಕ್ಕಳಿಗೆ ಈಜನ್ನೂ ಕಲಿಸಬೇಕು ಎಂಬುದು ಅವರ ವಾದದ ತಿರುಳು. ಓದಿದಾಗ ನಮ್ಮೂರ ಬಾವಿ ನೆನಪಾಯ್ತು. ಬಾವಿಗೆ ಕಟ್ಟೆ ಕಟ್ಟಿಸಿದ್ದ ಅಜ್ಜನೇ ನನ್ನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಅದರೊಳಗೆ ಇಳಿಸಿದ್ದು!

ಐದನೇ ವಯಸ್ಸಿನಿಂದಲೇ ಇದನ್ನು ಪಾಠವಾಗಿ ಕಡ್ಡಾಯ ಮಾಡಬೇಕೆಂದು 2009ರಲ್ಲಿ ಹೊರಟರು. 2010ರಲ್ಲಿ ಸರ್ಕಾರ ಬದಲಾಯ್ತು, ಆ ಪಠ್ಯಕ್ರಮವೂ ಮೂಲೆಗೆ ಬಿತ್ತು. ಕೊನೆಗೆ 2014ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಹೊಸ ಪಠ್ಯಕ್ರಮದಲ್ಲಿ ಸೇರಿತು. ಸ್ವಂತ ಮಾಹಿತಿ ಗುಟ್ಟಾಗಿಡುವುದು, ತೊಂದರೆಯಾದರೆ ಯಾರ ಹತ್ತಿರ ಹೋಗಬೇಕೆಂದು ತಿಳಿದಿರುವುದು, ಇವೆರಡೂ ಈಗ ಐದರಿಂದ ಏಳು ವರ್ಷದವರ ಪಾಠ.

ಈಗ ಮತ್ತೆ ಬೇಲಿಗಳು ಎತ್ತರವಾಗುತ್ತಿವೆ. ನಮ್ಮ 2023ರ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ದೊಡ್ಡ ಜಾಲತಾಣಗಳಲ್ಲಿ ಖಾತೆಯೇ ಬೇಡ ಅಂದಿದೆ. ಬೇಡ ಅನ್ನಲಾರೆ. ಆದರೆ ಇಷ್ಟು ವರ್ಷಗಳ ಕಥೆಯಲ್ಲಿ ನನಗೆ ಕಂಡದ್ದು ಒಂದೇ. 'ಹೇಳು' ಅನ್ನುವ ಪಾಠ ಮಗುವಿಗೆ ಮಾತ್ರ ಅಲ್ಲ. ಹೇಳಿದ್ದಕ್ಕೆ ಬೈಯದಿರುವ ಪಾಠ ನಮಗೂ ಬೇಕು.

ಸಂಜೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಕ್ಕನಿಗೆ ವಿಷಯ ಹೇಳಿದೆ. ಅಕ್ಕನ ಮುಖ ಕೆಂಪಾಯ್ತು. ಬೈಗುಳ ಬಾಯಿತನಕ ಬಂದದ್ದು ನನಗೂ ಕಾಣಿಸಿತು. ನುಂಗಿಕೊಂಡಳು. "ಹೇಳಿದ್ದು ಒಳ್ಳೇದಾಯ್ತು ಪುಟ್ಟಿ" ಅಂದಳು. ಮೂವರೂ ಕೂತು ಆ ಮನುಷ್ಯನನ್ನು ಬ್ಲಾಕ್ ಮಾಡಿ, ಚಾಟ್ ಬಂದ್ ಮಾಡಿದೆವು. ಮೊಬೈಲ್ ಕಿತ್ತುಕೊಳ್ಳಲಿಲ್ಲ.

ನಿಮ್ಮ ಮನೆಯಲ್ಲಿ ಮಕ್ಕಳು ಇಂಥದ್ದನ್ನು ಯಾರಿಗೆ ಹೇಳುತ್ತಾರೆ? ಒಮ್ಮೆ ಕೇಳಿ ನೋಡಿ.