ಬೈಸಿಕಲ್ ಅಂಗಡಿಯ ಎಂಜಿನ್

ವಿಮಾನವನ್ನು ಮೊದಲು ಹಾರಿಸಿದವರು ಯಾರೆಂದು ಕೇಳಿದರೆ ಶಾಲೆಯ ಹುಡುಗನೂ ರೈಟ್ ಸೋದರರೆಂದು ಉತ್ತರ ಕೊಡುತ್ತಾನೆ. ಉತ್ತರವು ಸರಿಯಾದುದೇ. ಆದರೆ 1903 ನೆಯ ಇಸವಿ ಡಿಸೆಂಬರ್ 17 ರಂದು ಆ ವಿಮಾನವನ್ನು ನಡೆಸಿದ ಎಂಜಿನ್ನನ್ನು ಕೈಯಾರೆ ಮಾಡಿದವನು ಯಾರೆಂದು ಕೇಳಿದರೆ ವಿದ್ಯಾವಂತರೂ ತಡವರಿಸುವರು. ಅವನ ಹೆಸರು ಚಾರ್ಲ್ಸ್ ಟೇಲರ್. ಅವನು ಲೋಹದ ಕೆಲಸವನ್ನು ಬಲ್ಲ ಒಬ್ಬ ಕುಶಲಕರ್ಮಿ, ಅಷ್ಟೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅವನ ಕೆಲಸದ ವಿಚಾರವನ್ನು.

ಅಮೆರಿಕದ ಓಹಾಯೊ ಸಂಸ್ಥಾನದ ಡೇಟನ್ ನಗರದಲ್ಲಿ ವಿಲ್ಬರ್ ಮತ್ತು ಆರ್ವಿಲ್ ರೈಟ್ ಎಂಬ ಸೋದರರು ತಮ್ಮ ಮನೆಯ ಸಮೀಪದಲ್ಲಿಯೇ ಬೈಸಿಕಲ್ ಅಂಗಡಿಯನ್ನು ಇಟ್ಟುಕೊಂಡಿದ್ದರು. ಟೇಲರನು 1901 ರಲ್ಲಿ ವಾರಕ್ಕೆ 18 ಡಾಲರುಗಳ ಸಂಬಳದ ಮೇಲೆ ಅಲ್ಲಿಗೆ ಸೇರಿದನು. ಸೋದರರು ಹಾರಾಟದ ಪ್ರಯೋಗಗಳಿಗಾಗಿ ದೂರದ ಕಿಟಿ ಹಾಕ್ ಎಂಬ ಕಡಲತೀರಕ್ಕೆ ಹೋದಾಗ ಅಂಗಡಿಯನ್ನು ನೋಡಿಕೊಳ್ಳುವವನು ಅವನೇ. ಅಂಗಡಿಯ ಹಿಂಭಾಗದಲ್ಲಿ ಲೋಹದ ಕೆಲಸಕ್ಕೆಂದು ಇದ್ದ ಯಂತ್ರಗಳು ಎರಡೇ: ಒಂದು ಲೇತು, ಒಂದು ರಂಧ್ರ ಕೊರೆಯುವ ಯಂತ್ರ. ಇವೆರಡನ್ನೂ ತೊಗಲಿನ ಪಟ್ಟಿಗಳ ಮೂಲಕ ತಿರುಗಿಸುತ್ತಿದ್ದ ಅನಿಲದ ಎಂಜಿನ್ನನ್ನು ಸೋದರರು ತಾವೇ ಕಟ್ಟಿಕೊಂಡಿದ್ದರು.

ಎಂಜಿನ್ ಇಲ್ಲದ ತೇಲುಯಾನವನ್ನು ಗಾಳಿಯಲ್ಲಿ ಹತೋಟಿಯಲ್ಲಿಡುವ ವಿದ್ಯೆಯು 1902 ರ ಕೊನೆಯ ಹೊತ್ತಿಗೆ ಸೋದರರಿಗೆ ಕೈಗೂಡಿತ್ತು. ಉಳಿದುದು ಎಂಜಿನ್. ಎಂಟು ಒಂಬತ್ತು ಅಶ್ವಶಕ್ತಿಯಾದರೂ ಇರಬೇಕು, ತೂಕವು 180 ಪೌಂಡುಗಳನ್ನು ಮೀರಬಾರದು. ಇಂಥದು ದೊರೆಯುವುದೇ ಎಂದು ಅವರು ಅನೇಕ ತಯಾರಕರಿಗೆ ಪತ್ರ ಬರೆದು ವಿಚಾರಿಸಿದರು. ಬೇಕಾದಂಥದು ಎಲ್ಲಿಯೂ ದೊರೆಯಲಿಲ್ಲ. ಮಾರುಕಟ್ಟೆಯಲ್ಲಿ ಇಲ್ಲದುದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕಾಯಿತು. ಟೇಲರನಿಗಾದರೋ ಪೆಟ್ರೋಲ್ ಎಂಜಿನ್ನಿನ ಪರಿಚಯವೆಂದರೆ ಹಿಂದೊಮ್ಮೆ ಒಂದು ಮೋಟಾರು ಗಾಡಿಯನ್ನು ದುರಸ್ತಿ ಮಾಡಲು ಯತ್ನಿಸಿದ್ದು ಮಾತ್ರ.

ಅವನು 1948 ರಲ್ಲಿ ಹೇಳಿ ಬರೆಯಿಸಿದ ವೃತ್ತಾಂತದಿಂದ ಆ ಕೆಲಸದ ಕ್ರಮವು ನಮಗೆ ತಿಳಿಯುತ್ತದೆ. ಕ್ರಮಬದ್ಧವಾದ ನಕ್ಷೆಗಳೇ ಇರಲಿಲ್ಲ. ಒಂದೊಂದು ಭಾಗದ ವಿಚಾರ ಬಂದಾಗಲೂ ಮೂವರಲ್ಲೊಬ್ಬರು ಕಾಗದದ ಚೂರಿನ ಮೇಲೆ ಗೀಚುವರು. ಟೇಲರನು ಅದನ್ನು ತನ್ನ ಕೆಲಸದ ಮೇಜಿನ ಮೇಲುಗಡೆ ಚುಚ್ಚಿಟ್ಟುಕೊಂಡು ಆ ಭಾಗವನ್ನು ಮಾಡುವನು.

ಎಲ್ಲಕ್ಕಿಂತ ಕಷ್ಟದ ಭಾಗವೆಂದರೆ ಕ್ರ್ಯಾಂಕ್ ದಂಡ. ಹೊಲಿಗೆಯ ಯಂತ್ರವನ್ನು ಕಾಲಿನಿಂದ ತುಳಿದಾಗ ಮೇಲೆ ಕೆಳಗೆ ಆಡುವ ಚಲನೆಯು ಚಕ್ರದ ತಿರುಗಾಟವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಜಿನ್ನಿನಲ್ಲಿ ಪಿಸ್ಟನ್ನುಗಳ ಹಿಂದುಮುಂದಿನ ಓಟವನ್ನು ಹಾಗೆ ತಿರುಗಾಟವಾಗಿ ಮಾರ್ಪಡಿಸುವುದು ಈ ದಂಡ. ನಾಲ್ಕು ಪಿಸ್ಟನ್ನುಗಳಿಗೆ ನಾಲ್ಕು ಬಾಗು ಬೇಕು. ತೂಕವು ಎಲ್ಲ ಕಡೆಗೂ ಸಮವಾಗಿರಬೇಕು. ಟೇಲರನು 31 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂ ಐದೆಂಟಾಂಶ ಅಂಗುಲ ದಪ್ಪದ ಉಕ್ಕಿನ ಹಲಗೆಯೊಂದನ್ನು ತೆಗೆದುಕೊಂಡನು. ಅದರ ಮೇಲೆ ದಂಡದ ಆಕಾರವನ್ನು ಗೆರೆಯೆಳೆದು, ಗೆರೆಯುದ್ದಕ್ಕೂ ಸಾಲಾಗಿ ರಂಧ್ರಗಳನ್ನು ಕೊರೆದು, ಬೇಡದ ಭಾಗವನ್ನು ಚಾಣ ಸುತ್ತಿಗೆಗಳಿಂದ ಒಡೆದು ತೆಗೆದನು. ಬಳಿಕ ಲೇತಿಗೆ ಏರಿಸಿ ಅಳತೆಗೆ ತಂದು ನುಣುಪುಗೊಳಿಸಿದನು. ಆ ಹಲಗೆಯ ತೂಕವು ಲೆಕ್ಕ ಹಾಕಿದರೆ ಸುಮಾರು 85 ಪೌಂಡು. ಮುಗಿದ ದಂಡದ ತೂಕ 19 ಪೌಂಡು. ಮುಕ್ಕಾಲು ಪಾಲಿಗಿಂತ ಹೆಚ್ಚು ಉಕ್ಕು ಚೂರಾಗಿ ನೆಲಕ್ಕೆ ಬಿತ್ತು. ಉಳಿದುದು ತೂಕದಲ್ಲಿ ಸರಿಯಾಗಿ ಸಮತೂಗಿತು.

ಎಂಜಿನ್ನಿನ ಒಡಲನ್ನು ಊರಿನ ಎರಕದ ಮನೆಯಲ್ಲಿ ಅಲ್ಯುಮಿನಿಯಂ ಲೋಹದಿಂದ ಎರಕ ಹುಯ್ಯಿಸಲಾಯಿತು. ಅದನ್ನೂ ಟೇಲರನೇ ಲೇತಿನಲ್ಲಿ ಕೊರೆದನು. ಆರು ವಾರಗಳಲ್ಲಿ ಎಂಜಿನ್ ಸಿದ್ಧವಾಗಿ 1903 ರ ಫೆಬ್ರವರಿ 12 ರಂದು ಓಡಿತು. ಆದರೆ ಮರುದಿನವೇ ತೊಟ್ಟಿಕ್ಕಿದ ಪೆಟ್ರೋಲಿನಿಂದ ಬೇರಿಂಗುಗಳು ಬಿಗಿದುಕೊಂಡು ಒಡಲು ಒಡೆದುಹೋಯಿತು. ಹೊಸ ಎರಕವು ಬರಲು ಏಪ್ರಿಲ್ ಆಯಿತು; ಮೇ ತಿಂಗಳಿನಲ್ಲಿ ಎಂಜಿನ್ ಮತ್ತೆ ಓಡಿ ಸುಮಾರು 12 ಅಶ್ವಶಕ್ತಿಯನ್ನು ಕೊಟ್ಟಿತು. ಬಯಸಿದ್ದಕ್ಕಿಂತ ಹೆಚ್ಚಾಗಿ ದೊರೆತ ಈ ಬಲದಿಂದ ವಿಮಾನವನ್ನು ಇನ್ನಷ್ಟು ಗಟ್ಟಿಯಾಗಿ ಕಟ್ಟುವುದು ಸಾಧ್ಯವಾಯಿತು.

ಕಿಟಿ ಹಾಕಿನಲ್ಲಿಯೂ ವಿಘ್ನಗಳು ತಪ್ಪಲಿಲ್ಲ. ನವೆಂಬರಿನಲ್ಲಿ ಪ್ರೊಪೆಲರುಗಳ ದಂಡಗಳು ಕೆಟ್ಟು ಟೇಲರನ ಬಳಿಗೆ ಹಿಂದಿರುಗಿದುವು. ಅವನು ಸರಿಮಾಡಿ ಕಳುಹಿಸಿದವುಗಳಲ್ಲಿಯೂ ಒಂದು ಬಿರುಕು ಬಿಟ್ಟಿತು. ಆರ್ವಿಲನು ಡೇಟನ್ನಿಗೆ ಹೋಗಿ ಗಟ್ಟಿ ಉಕ್ಕಿನ ಹೊಸ ದಂಡಗಳನ್ನು ಮಾಡಿಸಿಕೊಂಡು ಡಿಸೆಂಬರ್ 11 ಕ್ಕೆ ಮರಳಿ ಬಂದನು. ಆರು ದಿನಗಳ ಮೇಲೆ ವಿಮಾನವು ಮೊದಲ ಸಲ 12 ಸೆಕೆಂಡುಗಳಲ್ಲಿ 120 ಅಡಿ, ಆ ದಿನದ ಕೊನೆಯ ಸಲ 59 ಸೆಕೆಂಡುಗಳಲ್ಲಿ 852 ಅಡಿ ಹಾರಿತು. ಟೇಲರನು ಆಗ ಡೇಟನ್ನಿನಲ್ಲಿದ್ದನು. ಆ ಹಾರಾಟವನ್ನು ಕಾಣಲಿಲ್ಲ.

ಮುಂದಿನ ಕಥೆಯು ಸಂತೋಷದ್ದಲ್ಲ. ಆ ಕ್ರ್ಯಾಂಕ್ ದಂಡವನ್ನು 1906 ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಕೊಟ್ಟಿದ್ದರು, ಅದು ಹಿಂದಿರುಗಲಿಲ್ಲ. ಅದನ್ನು ಮಾಡಿದವನೂ ಬಹುಮಟ್ಟಿಗೆ ಹಾಗೆಯೇ ಕಳೆದುಹೋದನು. ಹೆನ್ರಿ ಫೋರ್ಡನು 1937 ರ ಸುಮಾರಿನಲ್ಲಿ ರೈಟರ ಅಂಗಡಿಯನ್ನು ಮಿಷಿಗನ್ನಿಗೆ ಸಾಗಿಸಿ ಮೊದಲಿನಂತೆ ನಿಲ್ಲಿಸಲು ಹೊರಟು ಟೇಲರನನ್ನು ಹುಡುಕಿಸಿದಾಗ, ಅವನು ಕ್ಯಾಲಿಫೋರ್ನಿಯದ ಒಂದು ವಿಮಾನ ಕಾರ್ಖಾನೆಯಲ್ಲಿ ಸಾಮಾನ್ಯ ಕೂಲಿಯ ಮೇಲೆ ದುಡಿಯುತ್ತಿದ್ದನು. 1948 ನೆಯ ಜನವರಿ 30 ರಂದು, ನಮ್ಮ ದೇಶವು ಮರೆಯಲಾರದ ಆ ದಿನವೇ, ಆರ್ವಿಲನು ತೀರಿಕೊಂಡನು. ಅವನ ಉಯಿಲಿನಿಂದ ಟೇಲರನಿಗೆ ವರ್ಷಕ್ಕೆ 800 ಡಾಲರು ಬರುವಂತಾಯಿತು. ಆದರೂ 1955 ರಲ್ಲಿ ಅವನು ಒಂದು ಆಸ್ಪತ್ರೆಯ ಧರ್ಮವಿಭಾಗದಲ್ಲಿ ಮಲಗಿರುವುದು ಬೆಳಕಿಗೆ ಬಂದಿತು. ವಿಮಾನೋದ್ಯಮದವರು ಚಂದಾ ಎತ್ತಿ ಅವನನ್ನು ಬೇರೆಡೆಗೆ ಸಾಗಿಸಿದರು. 1956 ರ ಜನವರಿ 30 ರಂದು ಅವನು ಕಾಲವಾದನು. ಈಗ ಅಮೆರಿಕದಲ್ಲಿ ಅವನ ಜನ್ಮದಿನವಾದ ಮೇ 24 ನ್ನು ವಿಮಾನಗಳ ದುರಸ್ತಿಯಲ್ಲಿ ತೊಡಗಿದ ಕರ್ಮಿಗಳ ದಿನವೆಂದು ಆಚರಿಸುವರು.

ರೈಟ್ ಸೋದರರ ಕೀರ್ತಿಯನ್ನು ಕಡಮೆ ಮಾಡುವುದು ನನ್ನ ಉದ್ದೇಶವಲ್ಲ. ಹಾರಾಟದ ತತ್ತ್ವವನ್ನು ಕಂಡವರು ಅವರೇ. ಆದರೆ ಕಂಡುದನ್ನು ಉಕ್ಕಿನಲ್ಲಿ ಮೂಡಿಸಲು ಇನ್ನೊಬ್ಬನ ಕೈ ಬೇಕಾಯಿತು. ಸೋದರರ ಪತ್ರಗಳೂ ದಿನಚರಿಗಳೂ ಜೋಪಾನವಾಗಿ ಉಳಿದಿವೆ. ಟೇಲರನ ಮೇಜಿನ ಮೇಲೆ ಚುಚ್ಚಿದ್ದ ಕಾಗದದ ಚೂರುಗಳಿಗೆ ಆ ಭಾಗ್ಯವಿರಲಿಲ್ಲ. ಅವನು ಮುದಿತನದಲ್ಲಿ ಬಾಯಿಬಿಟ್ಟು ಹೇಳದೆ ಇದ್ದಿದ್ದರೆ ಆ ದಂಡವು ಹೇಗೆ ಹುಟ್ಟಿತೆಂಬುದೂ ದಂಡದೊಡನೆಯೇ ಹೋಗುತ್ತಿತ್ತು. ನಮ್ಮ ಊರಿನ ಪುಟ್ಟ ಯಂತ್ರಶಾಲೆಗಳಲ್ಲಿಯೂ ಇಂಥ ಕೈಗಳಿವೆ. ಅವರು ಇರುವಾಗಲೇ ಅವರ ಕೆಲಸದ ರೀತಿಯನ್ನು ಕೇಳಿ ಬರೆದಿಡುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.