ಮಂಡ್ಯ ಸೀಮೆಯ ರುಚಿಪಯಣ ಮತ್ತು ಅಡುಗೆ ಕಲಿಕೆ

ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರು, ಮಂಡ್ಯ, ಯಲಿಯೂರು ಮತ್ತು ದಕ್ಷಿಣಕ್ಕೆ ಮಳವಳ್ಳಿಯವರೆಗೆ ಹಬ್ಬಿರುವ ನೆಲದ ಊಟ–ತಿಂಡಿಗಳನ್ನು ದಾರಿಹೋಕರು ಹುಡುಕಿಕೊಂಡು ಬಂದ ಚರಿತ್ರೆ ಮತ್ತು ಆ ಅಡುಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ ಬಗೆ ಈ ಲೇಖನದ ವಿಷಯ. ಮಂಡ್ಯದ ಊಟವೆಂದರೆ ಅಪ್ಪಟ ನೆಲದ ಊಟ ಎಂಬ ಮಾತಿದೆ. ಆದರೆ ಇಲ್ಲಿನ ತಟ್ಟೆಯನ್ನು ರೂಪಿಸಿದವರಲ್ಲಿ ಹೊರಗಿನಿಂದ ಬಂದವರು ಬಹಳ.

ಕನ್ನಡದಲ್ಲಿ ಅಡುಗೆಯನ್ನು ಬರೆದು ಕಲಿಸುವ ಪರಂಪರೆ ಹಳೆಯದು. 11ನೇ ಶತಮಾನದಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕದ ಭಾಗವಿದೆ; 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ರಚಿಸಿದ. ಆದರೆ ಮಂಡ್ಯ ಸೀಮೆಯ ಅಡುಗೆ ಓದಿ ಕಲಿತದ್ದಲ್ಲ. ಮನೆಯ ಒಲೆ, ದೇವಸ್ಥಾನದ ಮಡಪಳ್ಳಿ, ಹೋಟೆಲಿನ ಹಿಂಬದಿಯ ಅಡುಗೆಕೋಣೆ, ಈ ಮೂರೇ ಅದರ ಪಾಠಶಾಲೆ.

ಮಡಪಳ್ಳಿಯದು ಇವುಗಳಲ್ಲಿ ಪುರಾತನ. ರಾಮಾನುಜಾಚಾರ್ಯರು ತಮಿಳುನಾಡಿನಿಂದ ಬಂದು ಮೇಲುಕೋಟೆಯಲ್ಲಿ ನೆಲೆನಿಂತ ಮೇಲೆ ಶ್ರೀವೈಷ್ಣವರ ಅಡುಗೆ ಇಲ್ಲಿ ಬೇರುಬಿಟ್ಟಿತು. ಹುಣಸೆ, ಎಳ್ಳು, ಮೆಣಸು, ಒಣಕೊಬ್ಬರಿ ಸೇರಿದ ಪುಳಿಯೋಗರೆ, ತುಪ್ಪ ಸುರಿದ ಸಕ್ಕರೆ ಪೊಂಗಲ್ ಮೊದಲು ಪ್ರಸಾದವಾಗಿದ್ದವು. ಅಲ್ಲಿನ ವೈರಮುಡಿ ಉತ್ಸವಕ್ಕೆ ಬಂದ ಯಾತ್ರಿಕರು ಅವುಗಳ ಹೆಸರನ್ನು ಊರೂರಿಗೆ ಒಯ್ದರು. ಹೀಗೆ ನೋಡಿದರೆ ಈ ಸೀಮೆಯ ಮೊದಲ ರುಚಿಪಯಣಿಗರು ಭಕ್ತರೇ.

ದೊಡ್ಡ ತಿರುವು ಬಂದದ್ದು ರೈಲಿನಿಂದ. 1876–78ರ ಧಾತು–ಈಶ್ವರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಮೈಸೂರು ಸಂಸ್ಥಾನ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ ಹಾಕಿಸಿತು. 1880ರ ದಶಕದ ಆರಂಭಕ್ಕೆ ಗಾಡಿಗಳು ಓಡಾಡತೊಡಗಿದವು. ಅನ್ನವಿಲ್ಲದ ಕಾಲದಲ್ಲಿ ಹುಟ್ಟಿದ ಈ ಹಳಿಯ ಮೇಲೆಯೇ ನಾಡಿನ ಅತ್ಯಂತ ಹೆಸರಾದ ತಿಂಡಿಯೊಂದು ಹುಟ್ಟಿತು. ಮದ್ದೂರು ನಿಲ್ದಾಣದಲ್ಲಿ ಉಪಾಹಾರ ಮಾರುತ್ತಿದ್ದ ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಮದ್ದೂರು ವಡೆ ಮಾಡಿದರು ಎನ್ನುತ್ತಾರೆ. ಪಕೋಡಕ್ಕೆ ಹಿಟ್ಟು ಕಲಸಿಟ್ಟಿದ್ದಾಗ ಗಾಡಿ ಬಂದುಬಿಟ್ಟಿತು, ಅವಸರದಲ್ಲಿ ಅದನ್ನೇ ತಟ್ಟಿ ಎಣ್ಣೆಗೆ ಬಿಟ್ಟರು ಎಂಬುದು ಜನ ಹೇಳುವ ಕಥೆ.

ಕಥೆ ಹೇಗೇ ಇರಲಿ, ವಡೆಯ ಗುಣ ರೈಲಿಗೆ ಹೇಳಿ ಮಾಡಿಸಿದಂತಿದೆ. ಉದ್ದು ನೆನೆಸುವ, ರುಬ್ಬುವ ಕೆಲಸ ಇಲ್ಲಿಲ್ಲ. ಸಣ್ಣ ರವೆ, ಮೈದಾ, ಅಕ್ಕಿಹಿಟ್ಟು ಬೆರೆಸಿ ಕಾದ ಎಣ್ಣೆಯೋ ತುಪ್ಪವೋ ಹಾಕುತ್ತಾರೆ. ಉಪ್ಪು ಹಾಕಿ ಹಿಸುಕಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ, ನೀರನ್ನು ಚಿಮುಕಿಸಿದಷ್ಟೇ ಹಾಕಿ ಗಟ್ಟಿಯಾಗಿ ಕಲಸಿ, ತಟ್ಟಿ, ಹದವಾದ ಉರಿಯಲ್ಲಿ ಕರಿಯುತ್ತಾರೆ. ನೀರು ಕಡಿಮೆಯಾದ್ದರಿಂದ ಅದು ಬೇಗ ಹಳಸುವುದಿಲ್ಲ. ಚಟ್ನಿ ಇಲ್ಲದೆಯೂ ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ಕಾಗದದಲ್ಲಿ ಸುತ್ತಿ ಮೈಸೂರಿನ ನೆಂಟರಿಗೂ ಒಯ್ಯಬಹುದು. ಬುಟ್ಟಿ ಹೊತ್ತ ಮಾರಾಟಗಾರರು ಬೋಗಿಯಿಂದ ಬೋಗಿಗೆ ದಾಟಿದಂತೆ ವಡೆಯೂ ಜಾತಿ, ಊರು, ಭಾಷೆಗಳನ್ನು ದಾಟಿತು. ಕರಾವಳಿಯ ಕೈ, ಒಳನಾಡಿನ ನಿಲ್ದಾಣ, ಎಲ್ಲೆಲ್ಲಿಗೋ ಹೊರಟ ಪ್ರಯಾಣಿಕ ಎಂಬ ಈ ಮೂರರಲ್ಲಿ ಒಂದಿಲ್ಲದಿದ್ದರೂ ಈ ತಿಂಡಿ ಆಗುತ್ತಿರಲಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆಯುವಲ್ಲಿಂದ ಶುರುಮಾಡಿ, ಸಪ್ಲೈಯರ್ ಆಗಿ, ಕೊನೆಗೆ ಅಡುಗೆ ಭಟ್ಟರಾಗುತ್ತಿದ್ದರು. ಸಂಬಳ ಕೊಟ್ಟು ಕಲಿಸುವ ಆ ಅಡುಗೆ ಶಾಲೆಗೆ ಯಾರೂ ಶಾಲೆಯೆಂಬ ಹೆಸರಿಡಲಿಲ್ಲ.

ಮಂಡ್ಯ ದಾಟಿದರೆ ಮೈಸೂರಿನ ಕಡೆಗೆ ಸಿಗುವ ಚಿಕ್ಕ ನಿಲ್ದಾಣ ಯಲಿಯೂರು. ಹಳ್ಳಿಯ ಮನೆಯೂಟದ ಚರಿತ್ರೆ ತೆರೆದುಕೊಳ್ಳುವುದು ಇಂಥ ಊರುಗಳಲ್ಲಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1931ರ ಹೊತ್ತಿಗೆ ಮುಗಿದು, ಹುಲಿಕೆರೆ ಸುರಂಗದ ಮೂಲಕ ನಾಲೆಯ ನೀರು ಹರಿದಾಗ ರಾಗಿ, ಹುರುಳಿಯ ಬೆದ್ದಲುಗಳು ಗದ್ದೆಯಾದವು. ಕೆನಡಾದಿಂದ ಬಂದು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಕಬ್ಬು ಬಂತು, ಆಲೆಮನೆಗಳು ಹೆಚ್ಚಿದವು, ಬೆಲ್ಲ ಮನೆಮನೆಯದಾಯಿತು. ಅನ್ನ ದಿನದ ಊಟವಾದರೂ ಮುದ್ದೆ ತನ್ನ ಜಾಗ ಬಿಟ್ಟುಕೊಡಲಿಲ್ಲ.

ರಾಗಿಯ ಕಥೆಯೂ ಕೂಡುಬಾಳಿನದೇ. ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಧಾನ್ಯ ಅದು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಕೂಡಿಸಿ ‘ಇಂಡಾಫ್’ ರಾಗಿಗಳನ್ನು ಹೊರತಂದರು. ಇಳುವರಿ ಏರಿತು, ರೈತರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ಮಂಡ್ಯದ ಊಟದ ಬಗ್ಗೆ ಬರೆಯುವವರು ಹೋಟೆಲುಗಳ ಹೆಸರಿಗೆ ಮೊದಲು ಈ ಹೆಸರನ್ನು ಬರೆಯಬೇಕು.

ಮುದ್ದೆ ಮಾಡುವುದನ್ನು ನೋಡಿಯೇ ಕಲಿಯಬೇಕು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಗುಡ್ಡೆಯ ನಡುವೆ ಕೋಲು ನೆಟ್ಟು ಬೇಯಲು ಬಿಡುತ್ತಾರೆ. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಗಂಟಾಗದಂತೆ ತೊಳಸುತ್ತಾರೆ. ಹಿಟ್ಟು ಬೆಂದದ್ದು ವಾಸನೆಯಿಂದಲೇ ಗೊತ್ತಾಗಬೇಕು. ಬಿಸಿ ಆರುವ ಮುನ್ನ ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ಮುಗಿಸಬೇಕು. ಜೊತೆಗೆ ಸೊಪ್ಪು–ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಮಾಡುವ ಉಪ್ಸಾರು, ಬಸ್ಸಾರು, ಅವರೆಯ ಕಾಲದಲ್ಲಿ ಹಿತಕಿದಬೇಳೆ ಸಾರು. ಬೇಯಿಸಿದ ನೀರಿನ ಹನಿಯನ್ನೂ ಬಿಡದ ಈ ಜಾಣತನ ಬರಗಾಲ ಕಂಡ ಹೆಂಗಸರದು. ಕೊಟ್ಟ ಮನೆಗೆ ಬಂದ ಸೊಸೆಗೆ ಅತ್ತೆ ಕಲಿಸಿದ್ದು ಇದನ್ನೇ. ಅವರಲ್ಲಿ ಒಬ್ಬರ ಹೆಸರೂ ಚರಿತ್ರೆಯಲ್ಲಿ ಉಳಿದಿಲ್ಲ.

ಬಾಡೂಟದ ಹಿರಿಮೆ ಮಳವಳ್ಳಿ ತಾಲ್ಲೂಕಿನದು. ಅಲ್ಲಿನ ಬಂಡೂರಿನ ಹೆಸರು ಹೊತ್ತ ಕುರಿ ಗಿಡ್ಡಕಾಲಿನ, ತುಂಬುಮೈಯ ತಳಿ; ಪಕ್ಕದ ಬನ್ನೂರಿನ ಹೆಸರಿನಲ್ಲೂ ಪ್ರಸಿದ್ಧ. ಮಾಂಸದಲ್ಲಿ ಹದವಾಗಿ ಬೆರೆತ ಕೊಬ್ಬಿನಿಂದ ಅದರ ಸಾರಿಗೆ ಆ ರುಚಿ. ಬೀಗರೂಟಗಳಲ್ಲಿ, ಮಿಲಿಟರಿ ಹೋಟೆಲುಗಳಲ್ಲಿ ಅದಕ್ಕೆ ಮುದ್ದೆಯೇ ಜೋಡಿ.

ರೈಲಿನ ಬಳಿಕ ರಸ್ತೆಯ ಕಾಲ. ಕಾರು, ಬಸ್ಸು ಹೆಚ್ಚಿದಂತೆ ವಡೆ ನಿಲ್ದಾಣದಿಂದ ಹೆದ್ದಾರಿಗೆ ಬಂತು. ಮದ್ದೂರು ಟಿಫಾನೀಸ್‌ನಂಥ ಹೋಟೆಲುಗಳು ಬೆಳೆದವು. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದ ಜಾನಪದ ಲೋಕದ ಪಕ್ಕದಲ್ಲಿ ಲೋಕರುಚಿಯ ಊಟ, ಮದ್ದೂರಲ್ಲಿ ವಡೆ, ಮೈಸೂರಲ್ಲಿ ಪಾಕ್ ಎಂಬ ಕ್ರಮ ಪ್ರಯಾಣಿಕರ ನಡುವೆ ತಾನಾಗಿ ರೂಢಿಯಾಯಿತು. 2023ರ ಮಾರ್ಚ್ 12ರಂದು ಪ್ರಧಾನಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದ ಸುಮಾರು 118 ಕಿ.ಮೀ. ಬೆಂಗಳೂರು–ಮೈಸೂರು ದಶಪಥ ಈ ಕ್ರಮವನ್ನು ಮುರಿಯಿತು. ಬಿಡದಿ, ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳು ಬದಿಗಿಟ್ಟವು. ಹಳೇ ರಸ್ತೆಯ ಹೋಟೆಲು, ಎಳನೀರು ಅಂಗಡಿಗಳ ವ್ಯಾಪಾರ ಕುಸಿಯಿತು. ಮೊದಲು ದಾರಿಯಲ್ಲೇ ಸಿಗುತ್ತಿದ್ದ ಊಟವನ್ನು ಈಗ ದಾರಿ ತಪ್ಪಿಸಿಯೇ ಹುಡುಕಬೇಕು. ಇಂಥ ಊಟವನ್ನು ಉಳಿಸಿಕೊಂಡ ಉದಾಹರಣೆ ಬೇರೆಡೆ ಇದೆ: ಸಿಂಗಪುರದ ಬೀದಿಯೂಟದ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿ ಸೇರಿತು. ಚೀನೀ, ಮಲಯ, ಭಾರತೀಯ ಕೈಗಳು ಒಂದೇ ಸೂರಿನಡಿ ಅಡುಗೆ ಮಾಡುವ ಜಾಗಗಳನ್ನು ಅಲ್ಲಿನ ಸರ್ಕಾರ ಕಟ್ಟಿ ಕಾಪಾಡಿತು. ಇಲ್ಲಿ ಹೆದ್ದಾರಿಯ ನಕ್ಷೆ ಎಳೆದವರು ಅಷ್ಟು ಯೋಚಿಸಲಿಲ್ಲ.

ಯಾರ ಊಟವನ್ನು ಅತಿಥಿಗೆ ಬಡಿಸಬೇಕು ಎಂಬ ಪ್ರಶ್ನೆ 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಹಿರಂಗವಾಗಿಯೇ ಎದ್ದಿತು. ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ಸೇರಿಸಿದ್ದು ಸ್ಥಳೀಯರನ್ನು ಕೆರಳಿಸಿತು. ಬಾಡೂಟವೂ ಬೇಕೆಂದು ಸಂಘಟನೆಗಳು ಚಳವಳಿ ಮಾಡಿದವು. ಬೇಡಿಕೆ ನ್ಯಾಯವಾದದ್ದು. ಪುಳಿಯೋಗರೆಯೂ ವಡೆಯೂ ಈ ನೆಲದವಾದರೆ ಬಂಡೂರು ಕುರಿಯ ಸಾರೂ ಈ ನೆಲದ್ದೇ.

ಇಂದು ಈ ಸೀಮೆಯನ್ನು ರುಚಿಗಾಗಿ ಸುತ್ತುವವರಿಗೆ ಅವರೆಯ ಸೊಗಡಿರುವ ಡಿಸೆಂಬರ್–ಜನವರಿ ಒಳ್ಳೆಯ ಕಾಲ. ಬೆಂಗಳೂರಿನಿಂದ ದಶಪಥ ಬಿಟ್ಟು ಪ್ಯಾಸೆಂಜರ್ ಗಾಡಿ ಹಿಡಿದರೆ ಮದ್ದೂರು, ಮಂಡ್ಯ, ಯಲಿಯೂರುಗಳಲ್ಲಿ ಇಳಿಯಬಹುದು. ಆಲೆಮನೆಯಲ್ಲಿ ಬಿಸಿಬೆಲ್ಲ ನೋಡಿ, ಒಪ್ಪಿದ ಮನೆಯಲ್ಲಿ ಹಿಟ್ಟು ತೊಳಸುವುದನ್ನು ಕಲಿಯಬಹುದು. ಅಂಥ ಮನೆಯವರಿಗೆ ಕಲಿಸಿದ್ದಕ್ಕೂ ಹಣ ಸಲ್ಲಬೇಕು, ಬರೀ ಊಟಕ್ಕಲ್ಲ.